ಡೀನ್ ಕೂರುವ ತನಕ

ಆಂಬ್ರೋಸ್ ಪಿಲ್ಬೀಮ್ ವೆಲ್ಬರಿ ಕೆಥೀಡ್ರಲ್ ಎಂಬ ದೊಡ್ಡ ಚರ್ಚಿನಲ್ಲಿ ಆರ್ಗನ್ ವಾದ್ಯ ನುಡಿಸುತ್ತಿದ್ದ. ಕೂದಲು ನೆರೆತರೂ ಅವನ ಕೆಲಸ ಹಂಗಾಮಿಯಾಗಿಯೇ ಉಳಿದಿತ್ತು. ಹೊಸದಾಗಿ ಬಂದ ಮುಖ್ಯ ಪಾದ್ರಿ, ಡೀನ್ ಹ್ಯಾವರ್ಗಲ್, ಈ ಭಾನುವಾರ ಅವನ ವಾದನ ಕೇಳಿ ನೋಡಿ ಕಾಯಂ ಮಾಡುವ ವಿಚಾರ ತೀರ್ಮಾನಿಸುವುದಾಗಿ ಹೇಳಿದ್ದರು.

ಭಾನುವಾರ ಬೆಳಿಗ್ಗೆ ಅವನನ್ನು ಬಾಗಿಲಲ್ಲೇ ಹಿಡಿದವಳು ಮಿಸೆಸ್ ಟಾಪ್ಲಿಸ್. ಕುರ್ಚಿ ಜೋಡಿಸುವುದು ಅವಳ ಕೆಲಸ, ಬುದ್ಧಿ ಹೇಳುವುದು ಹವ್ಯಾಸ.

"ನೋಡಪ್ಪಾ, ನಿಂಗೆ ಶುರು ಮಾಡೋದು ಗೊತ್ತು, ನಿಲ್ಲಿಸೋದು ಗೊತ್ತಿಲ್ಲ. ಇವತ್ತು ಡೀನ್ ಕೂತ ತಕ್ಷಣ ಮುಗಿಸಿಬಿಡು."

ಆರ್ಗನ್ ನುಡಿಸುವವನ ಬೆನ್ನು ಸಭೆಯ ಕಡೆಗೆ. ಡೀನ್ ಕೂರುವ ಪೀಠ ಮಾತ್ರ ಎದುರಿನ ಪುಟ್ಟ ಕನ್ನಡಿಯಲ್ಲಿ ಕಾಣುತ್ತದೆ. ಡೀನ್ ಬಂದು ಪೀಠದ ಮುಂದೆ ನಿಂತರು. ಕೂರಲಿಲ್ಲ. ಪಿಲ್ಬೀಮ್ ನುಡಿಸಿದ. ಗೊತ್ತಿದ್ದ ಸ್ತೋತ್ರಗಳೆಲ್ಲ ಖಾಲಿಯಾಗಿ, ಹೆಂಡತಿ ಪಾತ್ರೆ ತೊಳೆಯುವಾಗ ಗುನುಗುವ ಹಾಡನ್ನೂ ಭಕ್ತಿಯಿಂದ ಎಳೆದ. ಇವರು ಯಾಕೆ ಕೂರುತ್ತಿಲ್ಲ? ಹರಕೆಯೋ, ಮೂಲವ್ಯಾಧಿಯೋ? ಡೀನ್ ನಿಂತಿದ್ದರಿಂದ ಸಭೆಯೂ ನಿಂತಿತ್ತು. ಮನೆಮನೆಯ ಒಲೆಯಲ್ಲಿ ಭಾನುವಾರದ ಮಾಂಸ ಸೀಯುತ್ತಿತ್ತು. ಕೊನೆಗೆ ಮೊಣಕಾಲು ಸೋತು ಡೀನ್ ಕುಸಿದು ಕೂತರು. ಹಾಡು ಅರ್ಧಕ್ಕೇ ನಿಂತಿತು.

ಇದರ ಮೂಲ ಪತ್ತೆಯಾಗದೆ ಟಾಪ್ಲಿಸ್‌ಗೆ ಊಟ ಸೇರಲಿಲ್ಲ. ವಿಚಾರಿಸಿದರೆ, ಸಂಗೀತ ನಡೆಯುವಾಗ ಕೂತರೆ ಕಲಾವಿದನಿಗೆ ಅವಮಾನ ಎಂದು ಡೀನರ ತಾಯಿ ಕಲಿಸಿದ್ದರಂತೆ. ನೀವು ಕೂತರೆ ಸಾಕು, ಅವನು ನಿಲ್ಲಿಸುತ್ತಾನೆ ಎಂದು ಅವಳು ಡೀನರ ಕಿವಿಯಲ್ಲಿ ಹೇಳಿದಳು. ಅವರು ಪೀಠ ಮುಟ್ಟಿದರೆ ಸಾಕು, ನಿಲ್ಲಿಸು ಎಂದು ಪಿಲ್ಬೀಮನಿಗೂ ಹೇಳಿದಳು.

ಸಂಜೆಯ ಪ್ರಾರ್ಥನೆಯಲ್ಲಿ ಮೊದಲ ಸ್ವರ ಕೇಳಿದ್ದೇ ತಡ, ಡೀನ್ ಬಾಗಿಲ ಬಳಿಯ ಕುರ್ಚಿಯಲ್ಲೇ ಕೂತುಬಿಟ್ಟರು. ಕನ್ನಡಿಯಲ್ಲಿ ಪೀಠ ಖಾಲಿ. ಬರಲಿ ಎಂದು ಪಿಲ್ಬೀಮ್ ನುಡಿಸಿದ. ನಿಲ್ಲಿಸಲಿ ಎಂದು ಡೀನ್ ಕಾದರು. ಕಾದೂ ಕಾದೂ ನಿದ್ದೆ ಹೋದರು. ಸಭೆ ಕತ್ತು ಹೊರಳಿಸಿ ಒಮ್ಮೆ ಆರ್ಗನ್ನನ್ನೂ ಒಮ್ಮೆ ಗೊರಕೆಯನ್ನೂ ಕೇಳಿತು. ಕೊನೆಗೆ ಟಾಪ್ಲಿಸಳೇ ಆರ್ಗನ್ ಇದ್ದ ಅಟ್ಟದ ಮೆಟ್ಟಿಲು ಹತ್ತಿ ಪಿಲ್ಬೀಮನ ಎರಡೂ ಕೈ ಹಿಡಿದು ನಿಲ್ಲಿಸಿದಳು.

ಪ್ರಾರ್ಥನೆ ಮುಗಿದ ಮೇಲೆ ಡೀನ್ ಪಿಲ್ಬೀಮನನ್ನು ಕರೆದರು.

"ನಿಮ್ಮ ಬೆರಳಲ್ಲಿ ದೇವರಿದ್ದಾನೆ ರೀ. ಆದ್ರೆ ಸಾಕು ಅನ್ನೋಕೆ ಪಕ್ಕದಲ್ಲಿ ಒಬ್ಬರು ಇರಲೇಬೇಕು," ಎಂದರು ಡೀನ್. "ನಮ್ಮಲ್ಲಿ ಇದ್ದದ್ದು ಒಂದೇ ಕಾಯಂ ಜಾಗ. ಅದನ್ನ ಮಿಸೆಸ್ ಟಾಪ್ಲಿಸ್‌ಗೆ ಕೊಟ್ಟಿದ್ದೀನಿ."