ವೇಳಾಪಟ್ಟಿಗೆ ಹಾಕಿದ ಬೀಗ

ಬಸ್ ಡಿಪೋದ ವೇಳಾಪಟ್ಟಿ ಗುಮಾಸ್ತ ಬುದ್ಧಿ ಓಡಿಸಿದ್ದು ಒಂದೇ ಸಲ, ಕೆಟ್ಟಿದ್ದೂ ಅಲ್ಲಿಂದಲೇ. ಆಫೀಸಿನವರೆಲ್ಲ ಕಂಪ್ಯೂಟರಿನಲ್ಲಿದ್ದ ತನ್ನ ವೇಳಾಪಟ್ಟಿ ಫೈಲಿಗೆ ಕೈ ಹಾಕುತ್ತಾರೆಂದು, ತನಗೊಬ್ಬನಿಗೇ ತೆರೆಯುವಂತೆ ಅದಕ್ಕೆ ಬೀಗ ಜಡಿದಿದ್ದ. ಇವತ್ತು ಅದು ಅವನಿಗೂ ತೆರೆಯಲಿಲ್ಲ. ಈ ಮಹಾನುಭಾವನ ಪರಿಚಯ ನನಗೆ ಚೆನ್ನಾಗಿದೆ. ದಿನಾ ಬೆಳಗ್ಗೆ ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ಎದುರಿಗೇ ನಿಂತಿರುತ್ತಾನೆ.

"ಅನುಮತಿ ಇಲ್ಲ" ಎಂದಿತು ಪರದೆ.

ಐದು ಗಂಟೆಯೊಳಗೆ ಹೊಸ ವೇಳಾಪಟ್ಟಿ ನಿಲ್ದಾಣದ ಡಿಜಿಟಲ್ ಬೋರ್ಡಿಗೆ ಹೋದರೆ ಮಾತ್ರ ಸಾಹೇಬರು ರಜೆ ಚೀಟಿಗೆ ಸಹಿ ಹಾಕುವುದಾಗಿ ಹೇಳಿದ್ದರು. ಎರಡು ವರ್ಷದಲ್ಲಿ ಮೊದಲ ರಜೆ. ಏಳು ಗಂಟೆಯ ಬಸ್ಸಿಗೆ ಹೆಂಡತಿಯೊಡನೆ ಸಮುದ್ರ ನೋಡಲು ಹೊರಡಬೇಕು. ಆ ಕಡೆಗೆ ದಿನಕ್ಕೆ ಅದೊಂದೇ ಬಸ್ಸು. ಹೆಂಡತಿ ನಿನ್ನೆಯೇ ಸೂಟ್‌ಕೇಸಿನ ಮೇಲೆ ಕೂತು ಜಿಪ್ ಎಳೆದಾಗಿತ್ತು.

ಕಂಪ್ಯೂಟರಿನಲ್ಲಿ ಇದ್ದದ್ದು ವಿಂಡೋಸ್. ಅದರೊಳಗೆ ಯುನಿಕ್ಸ್ ಎಂಬ ಬೇರೆಯೇ ವ್ಯವಸ್ಥೆಯಂತೆ ನಡೆದುಕೊಳ್ಳುವ, ಆಜ್ಞೆಗಳನ್ನು ಟೈಪ್ ಮಾಡುವ ಒಂದು ಕಪ್ಪು ಕಿಟಕಿ; ಬೀಗ ಜಡಿದದ್ದು ಅಲ್ಲಿಂದಲೇ. ಎರಡೂ ಒಂದೇ ಅಡುಗೆಮನೆಯ ಓರಗಿತ್ತಿಯರ ಹಾಗೆ. ಒಬ್ಬಳಿಟ್ಟ ಡಬ್ಬಿಯನ್ನು ಇನ್ನೊಬ್ಬಳು ಮುಟ್ಟುವಂತಿಲ್ಲ. ಸಾಲದ್ದಕ್ಕೆ ಬೆಳಗ್ಗೆ ಎಲ್ಲರಿಗೂ ಹೊಸ ಲಾಗಿನ್ ಕೊಟ್ಟಿದ್ದರು. ಫೈಲು ಹಳೆಯ ಲಾಗಿನ್‌ನವನದು. ಹೊಸಬನನ್ನು ಅದು ಕಳ್ಳನೆಂದೇ ತಿಳಿಯಿತು.

"ನಾನು ನಾನೇ ಕಣೋ!" ಎಂದ ಗುಮಾಸ್ತ, ಪರದೆಗೆ.

"ಯಾರ ಹತ್ರಪ್ಪಾ ಮಾತು?" ಟೈಪಿಸ್ಟಕ್ಕ ಕುರ್ಚಿ ಎಳೆದುಕೊಂಡೇ ಬಂದರು. "ಆಫ್ ಮಾಡಿ ಆನ್ ಮಾಡು. ನಮ್ಮನೆ ಮಿಕ್ಸಿ ಹಾಗೇ ಸರಿಹೋಗಿದ್ದು."

ಹಾಗೇ ಮಾಡಿದ. ಮುಕ್ಕಾಲು ಗಂಟೆ ಅಪ್‌ಡೇಟ್ ನಡೆಯಿತು.

"ಅಳಿಸಿ ಹೊಸದಾಗಿ ಬರಿ ತಮ್ಮಾ," ಎಂದರು ಟಿಕೆಟ್ ತಪಾಸಣೆಯ ಮೀಸೆಯಣ್ಣ. ಅಳಿಸಲು ಹೋದ. ಅದಕ್ಕೂ ಅನುಮತಿ ಇರಲಿಲ್ಲ. ಇದ್ದಿದ್ದರೆ ಆರು ತಿಂಗಳ ಕೆಲಸ ಮಣ್ಣುಪಾಲಾಗುತ್ತಿತ್ತೆಂದು ಹೊಳೆದು ಕೀಬೋರ್ಡನ್ನು ದೂರ ತಳ್ಳಿದ.

"ಅಷ್ಟು ಗಟ್ಟಿ ಬೀಗ ಯಾರಿಗೆ ಹೆದರಿ ಹಾಕ್ದೆ?"

"ನಿಮಗೇ ಅಣ್ಣಾ."

ಇಬ್ಬರೂ ಮುಖ ಊದಿಸಿಕೊಂಡರು, ಆದರೆ ಎದ್ದು ಹೋಗಲಿಲ್ಲ.

ನಾಲ್ಕೂವರೆಗೆ ಹೆಂಡತಿಯ ಫೋನು. "ರೀ, ಸಹಿ ಆಯ್ತಾ?"

"ಇನ್ನೊಂದೇ ಚೂರು..."

"ಈ ಸಲಾನೂ ಸಮುದ್ರಾನ ಕ್ಯಾಲೆಂಡರಲ್ಲೇ ತೋರಿಸಿದ್ರೆ ನಾನೊಬ್ಳೇ ಹೋಗ್ತೀನಿ, ಹೇಳಿದೀನಿ!"

ಫೋನಿಟ್ಟ ಗುಮಾಸ್ತನಿಗೆ ಕೊನೆಗೊಂದು ದಾರಿ ಹೊಳೆಯಿತು. ಕಪ್ಪು ಕಿಟಕಿಯನ್ನು ಅಡ್ಮಿನ್ ಅಧಿಕಾರದಲ್ಲಿ ತೆರೆದು ಫೈಲನ್ನು ಹೊಸ ಲಾಗಿನ್‌ನ ಹೆಸರಿಗೆ ಬರೆಸಿಕೊಂಡ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕತೆ ಬರೆಯುವ ಅಗತ್ಯವಿರಲಿಲ್ಲ. ಮತ್ತೆ ಎಲ್ಲಿ ಕೈಕೊಡುತ್ತದೋ ಎಂಬ ಭಯಕ್ಕೆ, ಯಾರು ಬೇಕಾದರೂ ಓದಲಿ, ಯಾರು ಬೇಕಾದರೂ ತಿದ್ದಲಿ ಎಂಬ ಅರ್ಥದ ಏಳು ಏಳು ಏಳು ಒತ್ತಿಬಿಟ್ಟ.

ಫೈಲು ತೆರೆಯಿತು! ಟೈಪಿಸ್ಟಕ್ಕ ಚಪ್ಪಾಳೆ ತಟ್ಟಿದರು. ಐದಕ್ಕೆ ಎರಡು ನಿಮಿಷ ಇರುವಾಗ ಅದನ್ನು ಬೋರ್ಡಿಗೆ ಜೋಡಿಸಿದ. ಇನ್ನು ಫೈಲಿನಲ್ಲಿ ಇದ್ದದ್ದೇ ಬೋರ್ಡಿನಲ್ಲಿ, ಬೋರ್ಡಿನಲ್ಲಿ ಇದ್ದದ್ದೇ ಡ್ರೈವರುಗಳಿಗೆ ವೇದವಾಕ್ಯ.

ಸಾಹೇಬರು ಸಹಿ ಹಾಕುತ್ತಾ ಕೇಳಿದರು, "ನನಗೂ ತೆರೆಯುತ್ತೇನ್ರೀ ಅದು?"

"ಧಾರಾಳವಾಗಿ ಸಾರ್! ಎಲ್ಲರಿಗೂ ತೆರೆದಿಟ್ಟಿದೀನಿ."

ಕ್ಷೌರ ಮಾಡಿಸಿಕೊಂಡು, ತನ್ನ ಜಾಣತನಕ್ಕೆ ತಾನೇ ತಲೆದೂಗುತ್ತಾ ಆರೂ ಮುಕ್ಕಾಲಿಗೆ ನಿಲ್ದಾಣ ಸೇರಿದ. ಬಸ್ಸಿಲ್ಲ, ಮೊದಲೇ ಬಂದು ಕಾಯುತ್ತೇನೆಂದಿದ್ದ ಹೆಂಡತಿಯೂ ಇಲ್ಲ. ಮನೆಗೆ ಹೊರಟಿದ್ದ ಸಾಹೇಬರು ಎದುರಾದರು.

"ಅಯ್ಯೋ, ನೀವಿನ್ನೂ ಇಲ್ಲೇ? ಫೈಲು ನನಗೂ ತೆರೀತು ಕಣ್ರೀ! ಪಾಪ, ಎರಡು ವರ್ಷಕ್ಕೊಂದು ಸಲ ಹೋಗ್ತೀರಿ, ಬೇಗ ತಲುಪಲಿ ಅಂತ ನಿಮ್ಮ ಬಸ್ಸನ್ನ ಆರೂವರೆಗೇ ಹಾಕ್ದೆ. ಬೋರ್ಡ್ ನೋಡ್ಲಿಲ್ವಾ?"

"ನಾನೇ ಬರೆದದ್ದಲ್ವಾ ಸಾರ್, ಯಾಕೆ ನೋಡ್ಲಿ?"

"ಛೆ! ಹೇಗೂ ಬಸ್ ತಪ್ಪಿತು, ನಾಳೆ ಹತ್ತಕ್ಕೆ ಆಫೀಸಿಗೆ ಬಂದ್ಬಿಡಿ. ರಜೆ ಯಾಕೆ ದಂಡ ಮಾಡ್ತೀರಿ?"

ಅಷ್ಟರಲ್ಲಿ ಫೋನು.

"ರೀ, ನಿಮಗೂ ಸೇರಿಸಿ ಕಿಟಕಿ ಪಕ್ಕ ಸೀಟು ಹಿಡಿದು ಕೂತಿದ್ದೆ. ಟೈಮು ಅಂದ್ರೆ ಟೈಮು ಅಂತ ಡ್ರೈವರ್ ಹೊರಡಿಸೇಬಿಟ್ಟ. ನಾನೂ ಇಳೀಲಿಲ್ಲ. ಈ ವೇಳಾಪಟ್ಟಿ ಮಾಡಿದ ಪುಣ್ಯಾತ್ಮ ಯಾರೂಂತ ಸ್ವಲ್ಪ ನೋಡಿ ಹೇಳ್ತೀರಾ?"

ಅವನು ತಲೆಯೆತ್ತಿ ನೋಡಿದ. ಬೋರ್ಡಿನ ಕೆಳತುದಿಯಲ್ಲಿ, 'ಸಿದ್ಧಪಡಿಸಿದವರು' ಎಂಬುದರ ಮುಂದೆ, ಅವನದೇ ಹೆಸರು ದಪ್ಪಕ್ಷರದಲ್ಲಿ ಹೊಳೆಯುತ್ತಿತ್ತು.