ಎಲ್ಲರ ಗದ್ದ ಹಿಡಿದು ನೋಡುವ ನನ್ನ ಮಾವ

ನನ್ನ ಸೋದರಮಾವನ ಎದುರು ಯಾರೂ ಕೆನ್ನೆ ಉಬ್ಬಿಸಬಾರದು. ಉಬ್ಬಿಸಿದರೆ ಮುಗಿಯಿತು! ಸವಣೂರಿನ ಎಲೆತೋಟದಲ್ಲಿ ವೀಳ್ಯದೆಲೆ ಕೊಯ್ದು ಪೆಂಡಿ ಕಟ್ಟುವುದು ಅವನ ಕೆಲಸ ಅಂತಾರೆ. ಸುಳ್ಳು. ಅವನ ನಿಜವಾದ ಕೆಲಸ ಕಂಡಕಂಡವರ ಗದ್ದ ಹಿಡಿದು ಮಂಗನಬಾವು ಹುಡುಕುವುದು. ಅಂಗಿಯ ಜೇಬಿನಲ್ಲಿ ಸದಾ ಒಂದು ನಿಂಬೆಹಣ್ಣು ಇರುತ್ತದೆ. ಅನುಮಾನ ಬಂದವರಿಗೆ ಕಚ್ಚಿಸುತ್ತಾನೆ. ಹುಳಿ ಬಿದ್ದ ಕೂಡಲೇ ಕಿವಿಯ ಕೆಳಗೆ ಚುಚ್ಚಿದರೆ ಬಾವು. ಚುಚ್ಚದಿದ್ದರೆ ನಿಂಬೆಹಣ್ಣು ದಂಡ!

ಒಮ್ಮೆ ಹಿರೇಕೆರೂರಿನ ಮದುವೆಗೆ ಹೋಗಿದ್ದೆವು. ಅಕ್ಕಿಕಾಳು ಹಿಡಿದು ನಿಂತಿದ್ದೆವು. ಮಾವ ಮದುಮಗನ ಎಡಗೆನ್ನೆಯನ್ನೇ ನೋಡುತ್ತಿದ್ದ.

"ನಿಲ್ಲಸ್ರಿ! ಹುಡುಗಗ ಗದ್ದಬಾವು ಬಂದೈತಿ!"

ವಾಲಗ ನಿಂತಿತು. ಮದುಮಗ ಗಾಬರಿಯಿಂದ ಬಾಯಿ ತೆರೆದ. ಒಳಗಿದ್ದದ್ದು ಎಲೆಅಡಿಕೆ! ಅದೂ ಮಾವನೇ ಹೊತ್ತು ತಂದಿದ್ದ ಎಲೆ. ಆ ಮನೆಯವರು ಇವತ್ತಿಗೂ ನಮ್ಮನ್ನು ಯಾವುದಕ್ಕೂ ಕರೆಯುವುದಿಲ್ಲ.

ಈ ವರ್ಷ ಬಾವು ನನಗೇ ಬಂತು. ನಾನು ಅಕ್ಕಿಆಲೂರಿನ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವವನು. ವಯಸ್ಸು ಇಪ್ಪತ್ತನಾಲ್ಕು. ಮುಂದಿನ ತಿಂಗಳು ಮದುವೆ. ಸುದ್ದಿ ಮುಟ್ಟಿದ್ದೇ ತಡ, ಮಾವ ಬಸ್ಸಿನಿಂದ ಬಸ್ಸಿಗೆ ಹತ್ತಿ ಬಂದುಬಿಟ್ಟ.

ವೀಳ್ಯದೆಲೆಗೆ ಔಡಲೆಣ್ಣೆ ಸವರಿ, ಬೆಚ್ಚಗೆ ಮಾಡಿ ನನ್ನ ಗದ್ದಕ್ಕೆ ಇಟ್ಟ. ಹಳೆ ಸೀರೆಯ ತುಂಡಿನಿಂದ ಕಟ್ಟಿ ನೆತ್ತಿಯ ಮೇಲೆ ಗಂಟು ಹಾಕಿದ.

"ಏ ತಮ್ಮಾ, ನನ್ನ ಮಗನ್ನ ಮೊಲಾ ಮಾಡಿಬಿಟ್ಟೆಲ್ಲೋ!" ಅವ್ವ ನಕ್ಕಳು.

"ನಗಬ್ಯಾಡಕ್ಕಾ. ಎಲಿಯಿಂದ ರೋಗ ಹೋಗಂಗಿಲ್ಲ, ನೋವಷ್ಟ ಕಡಿಮಿ ಆಕ್ಕೈತಿ. ರೋಗ ತಾನಾಗೇ ಹೋಗಬೇಕು. ಅಂಬಲಿ ಕುಡಿಸು. ಹುಳಿ ಕೊಡಬ್ಯಾಡ. ತಾಟು, ಲೋಟಾ ಬ್ಯಾರೆ ಇಡು, ಉಗುಳಿನಿಂದ ಅಂಟತೈತಿ."

ಇಷ್ಟಾದರೆ ಸಹಿಸಬಹುದಿತ್ತು. ದೊಡ್ಡ ಗಂಡಸಿಗೆ ಈ ಬಾವು ಗದ್ದದಿಂದ ಬೀಜಕ್ಕೆ ಇಳಿಯಬಹುದು ಎಂಬುದು ಮಾವನ ಚಿಂತೆ. ಚಿಂತೆ ಇದ್ದರೆ ಕಿವಿಯಲ್ಲಿ ಕೇಳಬೇಕೋ ಬೇಡವೋ? ಗಿರಣಿಯ ಗೆಳೆಯರು ನೋಡಲು ಬಂದಾಗಲೇ ಕೂಗುತ್ತಿದ್ದ.

"ಲೇ, ಕೆಳಗ ನೋವು ಐತೇನಲೇ?"

"ಕೆಳಗ ಅಂದ್ರ ಯಾವ ಓಣ್ಯಾಗ್ರೀ ಮಾವಾರ?" ಎಂದ ಒಬ್ಬ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಗೋಡೆಯ ಕಡೆ ಹೊರಳಿ ಮಲಗಿದೆ.

ಆರನೇ ದಿನ ಕೆಳಗೂ ನೋವು ಬಂತು. ಜ್ವರ ಏರಿತು. ನಾನು ಬಾಯಿ ಬಿಡಲಿಲ್ಲ. ಹೆಣ್ಣಿನ ಕಡೆಯವರಿಗೆ ಗೊತ್ತಾದರೆ ಮದುವೆ ಮುರಿಯುತ್ತದೆ. ಮುರಿಯದಿದ್ದರೂ, ಮಕ್ಕಳಾಗದಿದ್ದರೆ? ಎದ್ದು ಹಿತ್ತಲಿಗೆ ಹೊರಟೆ.

"ಯಾಕಲೇ ಕಾಲು ಅಗಲ ಇಟಗೊಂಡು ನಡೀತಿ?"

"ಚಪ್ಪಲಿ ಕಚ್ಚೈತಿ ಮಾವಾ."

"ಬರಿಗಾಲಾಗ ಅದಿಯಲ್ಲೋ, ಮಗನ!"

ಮಾವ ನಗಲಿಲ್ಲ. ಎಲೆಯನ್ನೂ ಮುಟ್ಟಲಿಲ್ಲ. "ಇದಕ್ಕ ನನ್ನ ಎಲಿ ನಡಿಯಂಗಿಲ್ಲ. ನಡಿ ದವಾಖಾನಿಗೆ," ಎಂದ. ಹಾನಗಲ್ಲಿನ ಡಾಕ್ಟರರ ತನಕ ನನ್ನ ತೋಳು ಬಿಡಲಿಲ್ಲ.

ಡಾಕ್ಟರರು ನೋಡಿದರು. "ಒಂದ ಕಡೆ ಅಷ್ಟ ಬಾವು ಬಂದೈತಿ. ನೋವಿಗೆ ಗುಳಿಗಿ ಬರೀತೇನಿ. ತಣ್ಣನ ಬಟ್ಟಿ ಇಡು, ಮಲಗು, ಚೀಲ ಎತ್ತಬ್ಯಾಡ. ಮಕ್ಕಳಾಗಂಗಿಲ್ಲ ಅಂತ ಅಂಜಬ್ಯಾಡ. ಇದರಿಂದ ಹಂಗಾಗೋದು ಬಾಳ ಕಡಿಮಿ. ಮದುವಿ ಮಾತ್ರ ಒಂದೆರಡು ತಿಂಗಳ ಮುಂದ ಹಾಕು."

ನನಗೆ ಉಸಿರು ಬಂತು. ಏಳಲು ಹೊರಟೆ. ಮಾವ ಏಳಲಿಲ್ಲ. ಹುಟ್ಟಿದಾಗಿನಿಂದ ಕೂಗಿಯೇ ಮಾತಾಡಿದವನು ಪಿಸುಗುಟ್ಟಿದ.

"ಸಾಹೇಬ್ರ, ಇವನ ವಯಸ್ಸಿನ್ಯಾಗ ನನಗ ಎರಡೂ ಕಡೆ ಬಂದಿತ್ರಿ. ನಾಚಿಕಿಗೆ ಯಾರಿಗೂ ಹೇಳಲಿಲ್ಲ. ಈಗ ತಪಾಸ್ ಮಾಡಿದ್ರ ಗೊತ್ತಾಕ್ಕೈತೇನ್ರಿ?"

"ಈ ವಯಸ್ಸಿನ್ಯಾಗ ಯಾಕ್ರಿ?"

"ಮಕ್ಕಳಿಗಂತ ಅಲ್ರೀ. ಮನ್ಯಾಗಿನ ಆಕೀಗೆ ಮಂದಿ ಬಂಜಿ ಅಂತಾರ್ರಿ. ದೇವರು, ದವಾಖಾನಿ ಎಲ್ಲಾ ಆಕಿನ್ನ ತಿರುಗಿಸಿದ್ವಿ. ಒಮ್ಮಿನೂ ನಾ ತೋರಿಸಿಕೊಳ್ಳಲಿಲ್ಲ."

ಡಾಕ್ಟರರು ಪೆನ್ನು ತೆಗೆದರು. "ಅದರಿಂದನ ಆಗೈತಿ ಅಂತ ಖಾತ್ರಿ ಹೇಳಾಕ ಆಗಂಗಿಲ್ಲ. ಆದ್ರ ನೋಡೋಣು," ಎಂದು ತಪಾಸಣೆಗೆ ಚೀಟಿ ಬರೆದರು.

ಹೊರಗೆ ಬಂದು ಮಾವ ಆ ಚೀಟಿಯನ್ನು ನನ್ನ ಕೈಗಿಟ್ಟ. ಅವನಿಗೆ ಓದಲು ಬರುವುದಿಲ್ಲ. ನನಗೆ ಅಕ್ಷರ ಕೂಡಿಸಿದರೆ ಅಷ್ಟಿಷ್ಟು ಬರುತ್ತದೆ.

"ಯಾರ ಹೆಸರು ಬರದಾರ, ನೋಡು."

"ನಿಂದ, ಮಾವಾ."

"ನಿನ್ನತ್ತೀದು ಇಲ್ಲಲಾ?"

"ಇಲ್ಲ."

ಅವನು ಚೀಟಿಯನ್ನು ಮಡಚಿ, ಎದೆಯ ಜೇಬಿಗಿಟ್ಟು, ಅದರ ಮೇಲೆ ಕೈ ಇಟ್ಟುಕೊಂಡೇ ನಡೆದ.