ದೇವರ ಫೋಲ್ಡರಿನಲ್ಲಿ ನಿಂತ ಬಸ್ಸು

ನಗು ಬರುವಂಥ ಸಂಗತಿಗಳೆಲ್ಲ ನಮ್ಮ ದುಕಾನಕ್ಕೆ ಬರೋದು ನಾವು ನಗಲಾರದ ಹೊತ್ತು ನೋಡಿಕೊಂಡೇ. ಎದೆ ಡವಡವ ಅನ್ನುವಾಗ ಹೊಟ್ಟೆ ಹಿಡಿದುಕೊಂಡು ನಗೋದು ಹೆಂಗೆ ಅಂತ ಹೋದ ತಿಂಗಳು ಕಲಿತೆ. ಹತ್ತನೇ ತರಗತಿಯ ಗಣಿತದಲ್ಲಿ ಫೇಲಾದ ಮೇಲೆ ನಾನು ಪೂರ್ತಿ ಕಲಿತ ವಿದ್ಯೆ ಇದೊಂದೇ.

೧. ದುಭಾಷಿ

ದುಕಾನ ಅಂದರೆ ತೆಲಂಗಾಣದ ಗಡಿಯ ಮಕ್ತಲ್ ಬಸ್ ಸ್ಟ್ಯಾಂಡ್ ಎದುರಿನ ನಮ್ಮ ನೆಟ್ ಸೆಂಟರ್. ಜಾಗ ದೊಡ್ಡಪ್ಪಂದು, ಕಂಪ್ಯೂಟರ್ ದೊಡ್ಡಪ್ಪನ ಮಗಳು ನಮ್ಮ ಅಕ್ಕಂದು, ಕೀಟಲೆ ನಂದು.

ನಾರಾಯಣಪೇಟೆಯಲ್ಲಿ ಡಿಗ್ರಿ ಮುಗಿಸಿದ ಅಕ್ಕ ಹಳೇ ಕಂಪ್ಯೂಟರುಗಳನ್ನು ತಂದು, ಈಗಿನ ವಿಂಡೋಸ್ ಹೊರೋ ತಾಕತ್ತು ಅವಕ್ಕಿಲ್ಲ ಅಂತ ಅದರ ಬದಲು ಹಗುರಾದ ಲಿನಕ್ಸ್ ಹಾಕಿದಳು. ಆದರೆ ಜನಕ್ಕೆ ಬೇಕಾದ ಆಟಗಳೆಲ್ಲ ವಿಂಡೋಸಿಗೆ ಅಂತಲೇ ಮಾಡಿದವು. ಅವು ಲಿನಕ್ಸಿನಲ್ಲಿ ಓಡಬೇಕಾದರೆ ನಡುವೆ ಒಂದು ಸಾಫ್ಟ್‌ವೇರ್ ಬೇಕು. ಅದು ದೇಶದೇಶದ ಜನ ಕೂಡಿ ಪುಕ್ಕಟೆ ಮಾಡಿದ್ದು. ತಪ್ಪು ಕಂಡರೆ ಯಾರು ಬೇಕಾದರೂ ತಿದ್ದಿ ಕಳಿಸಬಹುದು. ನಮ್ಮಕ್ಕ ಹಂಗೆ ತಿದ್ದಿ ಕಳಿಸುವವಳು.

ದೊಡ್ಡಪ್ಪನಿಗೆ ಅವಳು ತಿಳಿಸಿ ಹೇಳಿದ್ದು ಹೀಗೆ: "ಅಪ್ಪಾ, ಕಚೇರಿಯಾಗ ಸಾಹೇಬ ತೆಲುಗಿನಾಗ ಕೇಳ್ತಾನ, ನಮ್ಮಜ್ಜಿ ಕನ್ನಡದಾಗ ಹೇಳ್ತಾಳ, ನಡುವ ನೀ ನಿಂತು ಇಬ್ಬರಿಗೂ ಮುಟ್ಟಸ್ತಿಯಲ್ಲ? ಈ ಸಾಫ್ಟ್‌ವೇರೂ ಹಂಗ. ಆಟಕ್ಕೂ ಕಂಪ್ಯೂಟರಿಗೂ ನಡುವ ದುಭಾಷಿ."

"ಮತ್ತ ಆಟ ಶುರು ಆದ ಗಳಿಗಿಗೆ ಯಾಕ ನಿಂತುಬಿಡ್ತಾವು?"

"ದುಭಾಷಿ ಎಲ್ಲೋ ತೊದಲಾಕ ಹತ್ತೈತಿ."

"ನೋಡವ್ವ, ಗದ್ವಾಲದ ಸೀರೆ ಸಾವಕಾರ ಐತವಾರ ಜಾಗ ನೋಡಾಕ ಬರ್ತಾನ. ಅಷ್ಟರಾಗ ನಿನ್ನ ದುಭಾಷಿ ನೆಟ್ಟಗ ಮಾತಾಡಿದ್ರ ದುಕಾನ ನಿಂದು. ಇಲ್ಲಂದ್ರ ಡಬ್ಬಿ ಎಲ್ಲ ಗುಜರಿಗೆ, ಜಾಗ ಸೀರೆಗೆ."

ಅಕ್ಕನ ಮುಖ ಸುಣ್ಣದಂಗಾಯಿತು. ವಾತಾವರಣ ತಿಳಿ ಮಾಡೋಣ ಅಂತ ನಾನು, "ದೊಡ್ಡಪ್ಪಾ, ನನ್ನೂ ಗುಜರಿಗೆ ಹಾಕ್ತಿ ಏನು?" ಅಂದೆ.

"ನಿನ್ನ ಗುಜರಿಯವನೂ ಒಯ್ಯಂಗಿಲ್ಲಲೇ."

೨. ಭಂಡಾರ

ನಮ್ಮ ಮನೆಯಲ್ಲಿ ಕುರಿ ಕೊಂಡರೂ ಬೈಕ್ ಕೊಂಡರೂ ಮೊದಲು ಮನೆದೇವರು ಬೀರಪ್ಪನ ಭಂಡಾರ ಹಚ್ಚಬೇಕು, ಆಮೇಲೆ ಮಾತು. ಭಂಡಾರ ಅಂದರೆ ದೇವರ ಅರಿಶಿನ. ದುಕಾನ ಶುರು ಮಾಡಿದ ದಿನ ದೊಡ್ಡಪ್ಪ ಕಂಪ್ಯೂಟರಿಗೆಲ್ಲ ಮುಷ್ಟಿ ಮುಷ್ಟಿ ಹಚ್ಚಿ, "ಮೇಲ ಹಚ್ಚಿದ್ದಾತು, ಒಳಗ? ಒಳಗೂ ಮೊದಲ ಅವನ ಹೆಸರು ಬೀಳಬೇಕು" ಅಂತ ಹಟ ಹಿಡಿದ.

ಅಕ್ಕ ಪ್ರತಿ ಕಂಪ್ಯೂಟರಿನಲ್ಲೂ ಒಂದು ಫೋಲ್ಡರ್ ಮಾಡಿ, ಅದಕ್ಕೆ ಕನ್ನಡ ಅಕ್ಷರದಲ್ಲಿ 'ಶ್ರೀ ಬೀರಲಿಂಗೇಶ್ವರ ಪ್ರಸನ್ನ' ಅಂತ ಹೆಸರಿಟ್ಟು, ಆಟಗಳನ್ನೆಲ್ಲ ಅದರೊಳಗೇ ಇಟ್ಟಳು. ದೊಡ್ಡಪ್ಪ ಫೋಲ್ಡರಿಗೆ ಕೈ ಮುಗಿದ. ಆಮೇಲೆ ಕೀಬೋರ್ಡ್ ಸಂದಿಗೆ ಇಳಿದ ಭಂಡಾರ ವಾರವಾದರೂ ಹೋಗಲಿಲ್ಲ. ಆಡಾಕ ಬಂದ ಹುಡುಗರೆಲ್ಲ ಬೆರಳು ಹಳದಿ ಮಾಡಿಕೊಂಡು ಮದುಮಕ್ಕಳಂಗೆ ಮನೆಗೆ ಹೋದರು.

೩. ಮುಂದಿನ ಬಸ್ಸು

ನಮ್ಮ ಖಾಯಂ ಗಿರಾಕಿ ಕಂಡಕ್ಟರ್ ಮಾಮ. ನಾರಾಯಣಪೇಟೆಯಿಂದ ಬಸ್ಸು ಬಂದು ನಿಂತಾಗ, ಡ್ರೈವರು ಚಹಾಕ್ಕೆ, ಇವನು ನಮ್ಮ ಹತ್ತಿರ. ಆಡೋದು ಒಂದೇ ಆಟ, ಬಸ್ಸು ಓಡಿಸುವ ಆಟ. "ಜನ್ಮ ಪೂರ್ತಿ ಹಿಂದ ನಿಂತು ಸೀಟಿ ಊದೇನಿ, ಒಂದ್ಸಲ ಮುಂದ ಕೂಡಬಾರದೇನು?"

ಆದರೆ ಮುಂದೆ ಕೂತು ಮಾಡುವುದೇನು? ಸ್ಟಾಪ್ ಬಂದರೆ ನಿಲ್ಲಿಸಿ, ಟಿಕೆಟ್ ಟಿಕೆಟ್ ಅಂತ ಕೂಗಿ, ಬಾಯಲ್ಲೇ ಸೀಟಿ ಊದಿ, "ರೈಟ್ ರೈಟ್" ಅಂದ ಮೇಲೇ ಹೊರಡುವುದು. ಹೊರಟಾನು ಅನ್ನುವಾಗ ಆಟ ನಿಂತೇಬಿಡೋದು. ಸರಿಯಾಗಿ ಮೊದಲನೇ ಸ್ಟಾಪಿನಲ್ಲಿ, ದಿನಾ. ಅಕ್ಕನ ಲ್ಯಾಪ್‌ಟಾಪಿನಲ್ಲಿ ಮಾತ್ರ ಅದೇ ಆಟ ಊರೂರು ದಾಟಿ ಓಡುತ್ತಿತ್ತು. ಯಾಕೆ ಅಂತ ಅವಳಿಗೂ ತಿಳಿಯದು. ಗುರುವಾರವೂ ನಿಂತಿತು. ಐತವಾರ ಹತ್ತಿರ ಬಂತು. ಅಕ್ಕ ಉಗುರು ಕಡಿಯುತ್ತ, "ಮಾಮಾ, ನಿಂತಾಗ ಏನೇನು ಕಂಡಿತು ಹೇಳ್ರಿ" ಅಂದಳು.

ಮಾಮ ಎದ್ದು ನಿಂತು, ತಮ್ಮ ಪಾಳಿಗೆ ಕಾಯುತ್ತಿದ್ದ ಹುಡುಗರ ಕಡೆ ತಿರುಗಿ ಅಂದ: "ಗಾಡಿ ಖರಾಬ್ ಆಗೇತಿ. ಎಲ್ಲಾರೂ ಇಳೀರಿ. ಹಿಂದ ಬರೋ ಬಸ್ಸಿನಾಗ ಇದೇ ಟಿಕೆಟ್ ನಡೀತೈತಿ."

೪. ದೆವ್ವ

ಅಕ್ಕ ಊಟ ಬಿಟ್ಟಳು. ಅವಳು ಹಂಗೆ ಕೂತಿದ್ದು ನೋಡಲಾರದೆ, ನಗಿಸಲಿಕ್ಕೆ ಒಂದು ಉಪಾಯ ಮಾಡಿದೆ. ಮಾಮ ಕೂಡುವ ಕಂಪ್ಯೂಟರಿನಲ್ಲಿ ಬಸ್ಸಿನ ಆಟದ ಇನ್ನೊಂದು ನಕಲು ಮಾಡಿ, ಬೇರೆ ಫೋಲ್ಡರಿನಲ್ಲಿ ಇಟ್ಟು, ಆಟ ತೆರೆದ ಕೂಡಲೇ ಹಲ್ಲು ಕಿರಿದ ದೆವ್ವದ ಮುಖ ಕಿರುಚಿಕೊಂಡು ಎದುರು ಬರುವಂಗೆ ಜೋಡಿಸಿದೆ. ಕನ್ನಡ ಟೈಪ್ ಮಾಡಾಕ ನನಗೆ ಬರೋದಿಲ್ಲ, ಅದಕ್ಕೆ ಫೋಲ್ಡರಿಗೆ ಇಂಗ್ಲಿಷ್ ಅಕ್ಷರದಲ್ಲಿ 'ದೆವ್ವ' ಅಂತ ಹೆಸರಿಟ್ಟೆ.

ಶುಕ್ರವಾರ ಮಾಮ ಬಂದ, ಕೂತ, ದೆವ್ವ ಕಿರುಚಿತು. ಮಾಮ ಕಣ್ಣು ಸಹ ಮಿಟುಕಿಸಲಿಲ್ಲ. "ಪಾಸ್ ಐತೇನು?" ಅಂತ ಅದನ್ನೇ ಕೇಳಿ ಮುಂದೆ ಆಡತೊಡಗಿದ.

"ಮಾಮಾ, ಅಂಜಿಕಿ ಆಗಲಿಲ್ಲೇನ್ರೀ?"

"ಸಂತೆ ದಿನ ನನ್ನ ಬಸ್ ಹತ್ತಿ ನೋಡು. ಇಂಥವು ಹಿಂದಿನ ಸೀಟಿನ ತುಂಬ ಕೂತಿರ್ತಾವು."

ನನ್ನ ಕೀಟಲೆ ಮಣ್ಣುಪಾಲಾಯಿತಲ್ಲ ಅಂತ ನಾನು ಸಪ್ಪಗಾಗಿದ್ದಾಗ ಅಕ್ಕ ಕುರ್ಚಿ ಕೆಡವಿಕೊಂಡು ಎದ್ದಳು. "ಲೇ! ಬಸ್ಸು ಸ್ಟಾಪ್ ದಾಟೇತಿ!"

ಹೌದು. ಮೊದಲನೇ ಸ್ಟಾಪ್ ದಾಟಿ ಎರಡನೇದಕ್ಕೆ ಹೊರಟಿತ್ತು. ಅಕ್ಕ ನನ್ನ ಕಿವಿ ಹಿಡಿದು ಏನೇನು ಮಾಡಿದೆ ಎಲ್ಲ ಹೇಳಿಸಿದಳು, ಆಮೇಲೆ ಹಣೆ ಬಡಿದುಕೊಂಡಳು. ಸ್ಟಾಪ್ ಬಂದಾಗ ಆಟ ತನ್ನಷ್ಟಕ್ಕೆ ತಾನೇ ಅಲ್ಲೀತನಕ ಆಡಿದ್ದನ್ನು ಫೋಲ್ಡರಿನಲ್ಲಿ ಉಳಿಸಿಡಬೇಕು. ನಮ್ಮ ದುಭಾಷಿಗೆ ಫೋಲ್ಡರಿನ ಕನ್ನಡ ಅಕ್ಷರ ಓದಲು ಬರದೆ, ಅಕ್ಷರಕ್ಕೊಂದು ಪ್ರಶ್ನೆ ಚಿಹ್ನೆ ಹಾಕಿ ಆಟಕ್ಕೆ ಹೇಳುತ್ತಿತ್ತು. ಅಂಥ ಹೆಸರಿನ ಫೋಲ್ಡರ್ ಎಲ್ಲಿಯೂ ಇಲ್ಲದೆ ಆಟ ಕಂಗಾಲಾಗಿ ನಿಲ್ಲುತ್ತಿತ್ತು. ಅಕ್ಕನ ಲ್ಯಾಪ್‌ಟಾಪಿನಲ್ಲಿ ದೇವರ ಫೋಲ್ಡರೇ ಇರಲಿಲ್ಲ.

ಮಾಮ ಇಷ್ಟೂ ಕೇಳಿ ಒಂದೇ ಮಾತಿಗೆ ತಂದ: "ಅಂದ್ರ ದೇವರ ಹೆಸರಿನಾಗ ನಿಂತ ಬಸ್ಸು ದೆವ್ವದ ಹೆಸರಿನಾಗ ಓಡ್ತು. ನಮ್ಮ ಡಿಪೋದಾಗೂ ಹಿಂಗ ಮಾಡಿ ನೋಡ್ಬೇಕು."

೫. ಬೀಸಣಿಕೆ

ಸುಲಭದ ದಾರಿ ಅಂದರೆ ಫೋಲ್ಡರಿನ ಹೆಸರು ಬದಲಿಸುವುದು. ಅಕ್ಕ ದೊಡ್ಡಪ್ಪನಿಗೆ ನಡೆದದ್ದೆಲ್ಲ ಹೇಳಿ ಮೆಲ್ಲಗೆ ಕೇಳಿದಳು.

ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿದ. "ಬೀರಪ್ಪನ್ನ ಹೊರಗ ಹಾಕಿ ದೆವ್ವನ ಒಳಗ ಕೂಡಸ್ತಿ? ಓದಾಕ ಬರಲಾರದ್ದು ನಿನ್ನ ದುಭಾಷಿಗೆ. ಶಿಕ್ಷೆ ನಮ್ಮ ದೇವರಿಗೇನು? ಅವನಿಗೇ ಅಕ್ಷರ ಕಲಸು."

ಮಾತು ಖರೇನೇ. ಅಕ್ಕ ದುಭಾಷಿಗೇ ಕನ್ನಡ ಕಲಿಸಲು ಕೂತಳು. ಶನಿವಾರ ತಿದ್ದಿದ್ದು ಮುಗಿಯಿತು. ಆದರೆ ತಿದ್ದಿದ್ದು ಓಡಬೇಕಾದರೆ ಇಡೀ ಸಾಫ್ಟ್‌ವೇರನ್ನು ಲ್ಯಾಪ್‌ಟಾಪ್ ಮತ್ತೆ ಮೊದಲಿಂದ ಕಟ್ಟಬೇಕು. ಅದಕ್ಕೆ ತಾಸುಗಟ್ಟಲೆ ಬೇಕು. ನಡುವೆ ಅದು ಕಾದು ಹೆಂಚಾಗಿ ತಾನೇ ಬಂದ್ ಆಗುತ್ತಿತ್ತು. ಮತ್ತೆ ಮೊದಲಿಂದ! ಅಷ್ಟರಲ್ಲಿ ಕರೆಂಟ್ ಹೋಗಿ ಫ್ಯಾನೂ ನಿಂತಿತು. ಅಕ್ಕನ ಕಣ್ಣಲ್ಲಿ ನೀರು. ನಾನು ದೊಡ್ಡಪ್ಪನ ಬೀಸಣಿಕೆ ತಂದು, ಲ್ಯಾಪ್‌ಟಾಪಿನ ಮುಂದೆ ಮಂಡಿ ಊರಿ ಬೀಸತೊಡಗಿದೆ. ಬ್ಯಾಟರಿ ಇಳಿಯುತ್ತಿತ್ತು, ನನ್ನ ಕೈ ಬಿದ್ದುಹೋಗುತ್ತಿತ್ತು.

ಬಸ್ಸಿಗೆ ಕಾಯುತ್ತಿದ್ದ ಒಬ್ಬ ಅಜ್ಜಿ ನೆರಳಿಗೆಂದು ಒಳಗೆ ಬಂದಳು. ಭಂಡಾರ ಹಚ್ಚಿದ ಲ್ಯಾಪ್‌ಟಾಪ್, ಗಾಳಿ ಬೀಸುವ ನಾನು, ಕಣ್ಣು ಮುಚ್ಚಿ ಕೂತ ಅಕ್ಕ. ಅಜ್ಜಿ ಸೆರಗು ಹೊದ್ದು ಕೈ ಮುಗಿದು, ಚೀಲದಿಂದ ಬಾಳೆಹಣ್ಣು ತೆಗೆದು ಕೀಬೋರ್ಡಿನ ಮೇಲಿಟ್ಟು ಹೋದಳು.

೬. ಐತವಾರ

ಸಾವಕಾರ ಬಂದವನೇ ಟೇಪು ಹಿಡಿದು ಗೋಡೆ ಅಳೆಯತೊಡಗಿದ. "ಇಕ್ಕಡ ಪಟ್ಟು ಸೀರೆ, ಅಕ್ಕಡ ಕಾಟನ್," ಅಂತ ತೆಲುಗಿನಲ್ಲೇ ರೇಷ್ಮೆಗೊಂದು, ಹತ್ತಿಗೊಂದು ಗೋಡೆ ಹಂಚಿದ. ದೊಡ್ಡಪ್ಪ ಕುರ್ಚಿಯಲ್ಲಿ ಕೈ ಕಟ್ಟಿ ಕೂತ. ಅಕ್ಕ ಅಂತೂ ಕಟ್ಟಿ ಮುಗಿಸಿದ ಹೊಸ ದುಭಾಷಿಯನ್ನು ಹಾಕಿದಳು. ದೆವ್ವದ ಫೋಲ್ಡರ್ ತೆಗೆದುಹಾಕಿ, ದೇವರ ಫೋಲ್ಡರಿನಿಂದಲೇ ಆಟ ತೆರೆದಳು. ಮಾಮ ಯೂನಿಫಾರ್ಮ್ ಗುಂಡಿ ಹಾಕಿಕೊಂಡು ಕೂತ.

ಬಸ್ಸು ಹೊರಟಿತು. ತಿರುವು ದಾಟಿತು. ಮೊದಲನೇ ಸ್ಟಾಪ್ ಕಂಡಿತು.

ಬಸ್ಸು ನಿಂತಿತು.

ಪರದೆ ಅಲ್ಲಾಡಲಿಲ್ಲ. ಅಕ್ಕನ ಕೈ ನನ್ನ ತೋಳಿಗೆ ಕಚ್ಚಿಕೊಂಡಿತು. ಮಾಮ ಕಲ್ಲಿನಂಗೆ ಕೂತಿದ್ದ. ಸಾವಕಾರ ಟೇಪು ಬಿಟ್ಟು ಬಗ್ಗಿ ನೋಡಿದ, "ಏಮಯ್ಯಿಂದಿ? ಸತ್ತೇಹೋಯ್ತೇನು?" ದೊಡ್ಡಪ್ಪ ನಿಟ್ಟುಸಿರು ಬಿಟ್ಟು ಎದ್ದು, "ಆತವ್ವ, ನಿನ್ನ ಪ್ರಯತ್ನ ನೀ ಮಾಡಿದಿ. ಸಾವಕಾರ್ರೇ, ಬರ್ರಿ, ಹೊರಗ ಕೂತು ಮಾತಾಡೋಣು" ಅಂದ.

ಅಕ್ಕ ಅಳುವ ದನಿಯಲ್ಲಿ, "ಮಾಮಾ, ನಿಂತೇ ಹೋತೇನ್ರೀ?" ಅಂದಳು.

ಮಾಮ ಸಿಟ್ಟಿನಿಂದ ತಿರುಗಿದ. "ಸ್ಟಾಪ್ ಬಂದೈತಿ, ನಿಲ್ಲಬ್ಯಾಡೇನು? ಜನ ಹತ್ತಾಕ ಹತ್ಯಾರ, ಕಾಣವಲ್ಲದೇನು? ಎಲ್ಲಾರಿಗೂ ಅವಸರ!" ಬಾಯಲ್ಲಿ ಸೀಟಿ ಊದಿ, "ರೈಟ್ ರೈಟ್" ಅಂದ. ಬಸ್ಸು ಹೊರಟಿತು. ಎರಡನೇ ಸ್ಟಾಪ್, ಮೂರನೇ ಸ್ಟಾಪ್, ಸೇತುವೆ, ಘಾಟು.

ಸಾವಕಾರ ಪೂರ್ತಿ ನೋಡಿದ. ಟೇಪು ಸುತ್ತಿ ಜೇಬಿಗೆ ಹಾಕಿ ಕೇಳಿದ: "ಈ ಬಸ್ಸು ಗದ್ವಾಲಕ್ಕ ಹೋಗ್ತೈತೇನ್ರೀ?"

೭. ಪರೀಕ್ಷೆ

ಅಕ್ಕ ತಾನು ತಿದ್ದಿದ್ದನ್ನು ಆ ಸಾಫ್ಟ್‌ವೇರ್ ಮಾಡುವವರಿಗೆ ಕಳಿಸಿದಳು. ಒಂದು ವಾರ ಸುದ್ದಿ ಇಲ್ಲ. ಒಪ್ಪದಿದ್ದರೆ ಮುಂದಿನ ಸಲ ಅವರ ಹೊಸ ದುಭಾಷಿ ಬಂದಾಗ ನಮ್ಮ ಬಸ್ಸು ಮತ್ತೆ ನಿಲ್ಲುತ್ತದೆ. ಕೊನೆಗೆ ಉತ್ತರ ಬಂತು: ತಿದ್ದಿದ್ದು ಚೆನ್ನಾಗಿದೆ, ಇದು ಮುಂದೆ ಯಾರ ಕೈಯಲ್ಲೂ ಕೆಡದಂತೆ ಒಂದು ಪರೀಕ್ಷೆಯನ್ನೂ ಸೇರಿಸಬೇಕು, ಫೋಲ್ಡರಿನ ಯಾವ ಹೆಸರಿಗೆ ಓಡಲಿಲ್ಲ, ಯಾವುದಕ್ಕೆ ಓಡಿತು, ಎರಡೂ ಕಳಿಸಿ.

ಅಕ್ಕ ಇದ್ದದ್ದನ್ನು ಇದ್ದಂಗೆ ಕಳಿಸಿದಳು. ಈಗ ಲೋಕದ ಯಾವ ಮೂಲೆಯಲ್ಲಿ ಯಾರು ಆ ಸಾಫ್ಟ್‌ವೇರಿನಲ್ಲಿ ಏನು ತಿದ್ದಿದರೂ, ಯಂತ್ರ 'ಶ್ರೀ ಬೀರಲಿಂಗೇಶ್ವರ ಪ್ರಸನ್ನ' ಅಂತ ಒಂದು ಫೋಲ್ಡರ್ ಮಾಡಿ ನೋಡುತ್ತದೆ. ಅದು ಪಾಸಾದರೇ ಮುಂದಿನ ಕೆಲಸ.

ದೊಡ್ಡಪ್ಪನ ಎದೆ ಉಬ್ಬಿತು. "ನಾ ಏನಂದಿದ್ದೆ? ಮೊದಲ ಅವನ ಹೆಸರು ಬೀಳಬೇಕಂತ! ಆದ್ರ ಅಲ್ಲಿ ಭಂಡಾರ ಯಾರು ಹಚ್ತಾರ? ಪೊಟ್ಟಣ ಕಟ್ಟಿ ಕೊಡ್ತೀನಿ, ಕಳಸು." ಆಮೇಲೆ ಪರದೆಯ ಮೇಲೆ ಬೆರಳಿಟ್ಟ. "ಅವನ ಬಾಜೂಕ ಇಂಗ್ಲಿಷಿನಾಗ ಇನ್ನೊಂದು ಹೆಸರು ಐತಲ್ಲ, ಅದರ ಮುಂದೂ ಹಸಿರು ರೈಟ್ ಬಿದ್ದೈತಿ, ಅಂದ್ರ ಅದರದೂ ಪರೀಕ್ಷೆ ಪಾಸ್. ಯಾರದದು?"

ಅಕ್ಕ ಬೆವೆತಳು. ದೊಡ್ಡಪ್ಪನಿಗೆ ಇಂಗ್ಲಿಷ್ ಬಾರದು, ಆದರೆ ದೇವರ ಪಕ್ಕ ದೆವ್ವ ಕೂತಿದೆ ಅಂತ ತಿಳಿದರೆ ಅಂದೇ ಗುಜರಿ ಗಾಡಿ ಬರುತ್ತದೆ. ನಾನು ಮುಂದೆ ಬಂದು ಅಂದೆ, "ನಂದು ದೊಡ್ಡಪ್ಪಾ."

ದೊಡ್ಡಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಕಣ್ಣು ತುಂಬಿ ಬಂತು.

"ಕಡೀಕ ಒಂದು ಪರೀಕ್ಷೆಯಾಗ ಪಾಸಾದೆಲ್ಲೋ ಮಗನ!"

ದೆವ್ವ ಪಾಸಾಗಿದ್ದಕ್ಕೆ ಮಕ್ತಲ್ ಬಸ್ ಸ್ಟ್ಯಾಂಡ್ ತುಂಬ ಪೇಢೆ ಹಂಚಿದ ಮನೆತನ ನಮ್ಮದೊಂದೇ.